ಹೊಗೆ ಹಿಡಿಯೋ ಲೆಕ್ಕ: ಕಲ್ಲಿದ್ದಲು ಸ್ಥಾವರಕ್ಕೆ ಕಾರ್ಬನ್ ಕ್ಯಾಪ್ಚರ್ ಹಾಕಿದರೆ ಯೂನಿಟ್ ಕರೆಂಟ್ ಎಷ್ಟಕ್ಕೆ ಬೀಳುತ್ತದೆ?

ಈ ವಾರ ತೊಗರಿ ನೆಟೆ ರೋಗ, ಜೀವಾಮೃತ ಎಲ್ಲ ಪಕ್ಕಕ್ಕಿಟ್ಟು ಕರೆಂಟಿನ ಕಡೆ ಹೋಗೋಣ. ಯೂಟ್ಯೂಬಿನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಪದೇ ಪದೇ ಬರುತ್ತಿದೆ: "ಕಲ್ಲಿದ್ದಲು ಸ್ಥಾವರ ಮುಚ್ಚೋದು ಬೇಡ, ಚಿಮಣಿಗೆ ಒಂದು ಮಷೀನ್ ಹಾಕಿದರೆ ಸಾಕು, ಹೊಗೆಯೊಳಗಿನ ಇಂಗಾಲ ಎಲ್ಲ ಹಿಡಿದು ನೆಲದೊಳಗೆ ಹೂಳಬಹುದು." ಕೇಳೋಕೆ ಚಂದ ಇದೆ. ಇದಕ್ಕೆ ಕಾರ್ಬನ್ ಕ್ಯಾಪ್ಚರ್ ಅಂತಾರೆ. ಮಷೀನ್ ಸುಳ್ಳಲ್ಲ, ಜಗತ್ತಿನಲ್ಲಿ ಕೆಲವು ಕಡೆ ಓಡುತ್ತಿದೆ. ಪ್ರಶ್ನೆ ಇರೋದು ದುಡ್ಡಿನದು. ಬೆಳೆಗೆ ಹೆಂಗೆ ಖರ್ಚು-ಆದಾಯ ಬರೆದು ನೋಡುತ್ತೇವೋ, ಹಂಗೇ ಇದನ್ನೂ ಒಮ್ಮೆ ಬರೆದು ನೋಡೋಣ ಬರ್ರಿ.

ನಮಗ್ಯಾಕ್ರೀ ಈ ಉಸಾಬರಿ?

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನಲ್ಲಿ ಒಂದೂ ದೊಡ್ಡ ಕಲ್ಲಿದ್ದಲು ಸ್ಥಾವರ ಇಲ್ಲ. ಆದರೆ ಸುತ್ತ ನೋಡಿ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಆರ್‌ಟಿಪಿಎಸ್. ಅಲ್ಲೇ ಹತ್ತಿರ ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಎರಡು ಘಟಕ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 800 ಮೆಗಾವ್ಯಾಟಿನ ಮೂರು ಘಟಕ. ಗಡಿಯಾಚೆ ಸೊಲ್ಲಾಪುರದಲ್ಲಿ ಎನ್‌ಟಿಪಿಸಿಯದೇ 660ರ ಎರಡು ಘಟಕ.

ಇವು ನೀರು ಕುಡಿಯೋದು ಎಲ್ಲಿಂದ? ರಾಯಚೂರಿನವು ಕೃಷ್ಣೆಯಿಂದ, ಕೂಡಗಿ ಆಲಮಟ್ಟಿಯಿಂದ, ಸೊಲ್ಲಾಪುರದ್ದು ಭೀಮಾ ನದಿಯ ಉಜನಿ ಜಲಾಶಯದಿಂದ. ಬೇಸಿಗೆಯಲ್ಲಿ ಉಜನಿಯಿಂದ ನೀರು ಬಿಡದಿದ್ದರೆ ಅಫಜಲಪುರದ ಹೊಳೆದಂಡೆಯ ಕಬ್ಬಿನ ಗತಿ ಏನಾಗುತ್ತದೆ ಅನ್ನೋದು ನಿಮಗೇ ಗೊತ್ತು. ರಾಜ್ಯದ ಸ್ಥಾವರಗಳ ಕರೆಂಟ್ ಗ್ರಿಡ್‌ಗೆ ಸೇರಿ, ಜೆಸ್ಕಾಂ ಲೈನ್ ಮೂಲಕ ನಮ್ಮ ಪಂಪ್‌ಸೆಟ್‌ಗೂ ಬರುತ್ತದೆ. ಅಂದರೆ ನೀರು, ಕರೆಂಟು, ಸಬ್ಸಿಡಿ ಈ ಮೂರೂ ದಾರಿಯಲ್ಲಿ ಈ ಲೆಕ್ಕ ನಮ್ಮ ಹೊಲದ ತನಕ ಬರುತ್ತದೆ.

ಮಷೀನ್ ಕೆಲಸ ಮಾಡೋದು ಹೆಂಗೆ?

ಕಲ್ಲಿದ್ದಲು ಸುಟ್ಟಾಗ ಚಿಮಣಿಗೆ ಹೋಗುವ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್, ಅಂದರೆ ಸಿಒ2, ಇರೋದು ನೂರಕ್ಕೆ 12ರಿಂದ 14 ಪಾಲು ಮಾತ್ರ. ಉಳಿದದ್ದು ಬಹುಪಾಲು ಸಾರಜನಕ. ರಾಶಿ ಮಾಡುವಾಗ ಹೊಟ್ಟೆಲ್ಲ ತೂರಿ ಕಾಳು ಬೇರೆ ಮಾಡುತ್ತೇವಲ್ಲ, ಇಲ್ಲೂ ಅದೇ ಕೆಲಸ. ನೂರು ಚೀಲ ತೂರಿದರೆ ಹದಿಮೂರು ಚೀಲ ಕಾಳು. ತೂರುವ ಖರ್ಚು ಮಾತ್ರ ಪೂರ್ತಿ ನೂರು ಚೀಲದ್ದು.

ತೂರೋದು ಗಾಳಿಯಿಂದಲ್ಲ, ರಾಸಾಯನಿಕದಿಂದ. ಅಮೈನ್ ಅನ್ನುವ ದ್ರಾವಣದ ಮೂಲಕ ತಣ್ಣಗಾದ ಹೊಗೆಯನ್ನು ಹಾಯಿಸುತ್ತಾರೆ. ಸಿಒ2 ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಆ ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಸಿಒ2 ಬಿಟ್ಟುಕೊಡುತ್ತದೆ. ದ್ರಾವಣ ಮತ್ತೆ ಮೊದಲಿನ ಕೆಲಸಕ್ಕೆ ಹೋಗುತ್ತದೆ. ಬಿಡಿಸಿದ ಸಿಒ2ವನ್ನು ಕಂಪ್ರೆಸರ್‌ನಲ್ಲಿ ನೂರು ಪಟ್ಟಿಗಿಂತ ಹೆಚ್ಚಿನ ಒತ್ತಡಕ್ಕೆ ಒತ್ತಿ ಪೈಪಿಗೆ ಬಿಡುತ್ತಾರೆ.

ಖರ್ಚಿನ ಗುಟ್ಟು ಇರೋದು ಆ ಕಾಯಿಸುವ ಕೆಲಸದಲ್ಲಿ. ಅದಕ್ಕೆ ಬೇಕಾದ ಹಬೆ ಎಲ್ಲಿಂದ ಬರಬೇಕು? ಟರ್ಬೈನ್ ತಿರುಗಿಸಬೇಕಾದ ಹಬೆಯಿಂದಲೇ. ಕಂಪ್ರೆಸರ್‌ಗೂ ಅಲ್ಲಿಯದೇ ಕರೆಂಟ್. ಹಿಂಗಾಗಿ ಮಷೀನ್ ಹಾಕಿದ ಮೇಲೆ ಅಷ್ಟೇ ಕಲ್ಲಿದ್ದಲು ಸುಟ್ಟರೂ ಹೊರಗೆ ಬರುವ ಕರೆಂಟ್ ಶೇ 20ರಿಂದ 30ರಷ್ಟು ಕಡಿಮೆಯಾಗುತ್ತದೆ. ರಾಶಿಗೆ ಬಂದ ಆಳುಗಳ ಊಟಕ್ಕೇ ಕಾಲುಭಾಗ ಬೆಳೆ ಹೋದಂಗೆ.

ಇನ್ನೊಂದು ಮಾತು. ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇದ್ದರೆ ಅಮೈನ್ ಬೇಗ ಕೆಡುತ್ತದೆ. ಅದಕ್ಕೆ ಮೊದಲು ಎಫ್‌ಜಿಡಿ ಅನ್ನುವ ಗಂಧಕ ತೊಳೆಯುವ ಘಟಕ ಇರಲೇಬೇಕು. ನಮ್ಮ ದೇಶದಲ್ಲಿ 2015ರಲ್ಲೇ ಇದರ ನಿಯಮ ಬಂತು, ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು, 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಬಹುಪಾಲು ಸ್ಥಾವರಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. ಮೊದಲ ಮೆಟ್ಟಿಲೇ ಕಟ್ಟದ ಕಡೆ ಮಾಳಿಗೆಯ ಮಾತು ಆಡಿದಂಗೆ ಇದು.

ಈಗ ಪುಸ್ತಕ ತೆಗೆಯೋಣ

ಕೂಡಗಿ ಅಥವಾ ಯರಮರಸ್‌ನಲ್ಲಿ ಇರುವಂಥ 800 ಮೆಗಾವ್ಯಾಟಿನ ಒಂದು ಘಟಕ ತಗೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯೋಕೆ ನಾನು ಹಿಡಿದವು, ಯಾವುದೇ ಸ್ಥಾವರದ ಖಾತೆಯಿಂದ ತೆಗೆದವಲ್ಲ. ನಿಮಗೆ ಬೇರೆ ಅಂಕಿ ಸರಿ ಅನ್ನಿಸಿದರೆ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಬದಲಿಸಿ ನೋಡಿ.

ಮಷೀನ್ ಹಾಕುವ ಮೊದಲು:

- ವರ್ಷಪೂರ್ತಿ ಶೇ 60ರ ಲೋಡಿನಲ್ಲಿ ಓಡಿದರೆ ಸುಮಾರು 420 ಕೋಟಿ ಯೂನಿಟ್.
- ಯೂನಿಟ್‌ಗೆ 4 ರೂಪಾಯಿ ಖರ್ಚು ಅಂತ ಹಿಡಿದರೆ ವರ್ಷಕ್ಕೆ 1,680 ಕೋಟಿ ರೂಪಾಯಿ.
- ಯೂನಿಟ್‌ಗೆ 0.9 ಕೆ.ಜಿ. ಸಿಒ2. ವರ್ಷಕ್ಕೆ ಸುಮಾರು 38 ಲಕ್ಷ ಟನ್.

ಮಷೀನ್ ಹಾಕಿದ ಮೇಲೆ:

- ಮಷೀನಿನ ಬೆಲೆ 5,000 ಕೋಟಿ ರೂಪಾಯಿ ಅಂತ ಹಿಡಿಯೋಣ. ಶೇ 10 ಬಡ್ಡಿ, 20 ವರ್ಷದ ಸಾಲ ಅಂದರೆ ವರ್ಷದ ಕಂತು ಹತ್ತಿರ ಹತ್ತಿರ 600 ಕೋಟಿ.
- ಅಮೈನ್, ರಿಪೇರಿ, ಸಿಬ್ಬಂದಿ ಸೇರಿ 200 ಕೋಟಿ.
- ಕರೆಂಟ್ ಕಾಲುಭಾಗ ಕಡಿಮೆಯಾಗಿ ಮಾರಾಟಕ್ಕೆ ಉಳಿಯೋದು 315 ಕೋಟಿ ಯೂನಿಟ್.
- ಸಿಒ2ದ ಶೇ 90 ಭಾಗ, ಅಂದರೆ 34 ಲಕ್ಷ ಟನ್ ಹಿಡಿದಾಯಿತು.

ಒಟ್ಟು ಖರ್ಚು 1,680 + 600 + 200 = 2,480 ಕೋಟಿ. ಇದನ್ನು 315 ಕೋಟಿ ಯೂನಿಟ್‌ಗೆ ಹಂಚಿದರೆ ಯೂನಿಟ್‌ಗೆ 7 ರೂಪಾಯಿ 87 ಪೈಸೆ. ನಾಲ್ಕಿದ್ದದ್ದು ಹೆಚ್ಚೂಕಡಿಮೆ ಎಂಟಾಯಿತು. ಸಿಒ2ವನ್ನು ಪೈಪಿನಲ್ಲಿ ಸಾಗಿಸಿ ಹೂಳೋಕೆ ಟನ್‌ಗೆ 800 ರೂಪಾಯಿ ಅಂತ ಸೇರಿಸಿದರೆ ಇನ್ನೂ 86 ಪೈಸೆ ಏರುತ್ತದೆ.

ಗಮನಿಸಿ, ಬೆಲೆ ಏರಿದ್ದು ಬರೀ ಮಷೀನಿನ ಕಂತಿನಿಂದಲ್ಲ. ಕಳೆದುಹೋದ 105 ಕೋಟಿ ಯೂನಿಟ್ ಇದೆಯಲ್ಲ, ಅದೂ ದೊಡ್ಡ ಪಾಲು. 5 ಎಚ್‌ಪಿ ಪಂಪ್ ದಿನಕ್ಕೆ 7 ತಾಸಿನಂತೆ ವರ್ಷಕ್ಕೆ 150 ದಿನ ಓಡಿದರೆ ಸುಮಾರು 3,900 ಯೂನಿಟ್ ತಿನ್ನುತ್ತದೆ. ಆ ಲೆಕ್ಕದಲ್ಲಿ 105 ಕೋಟಿ ಯೂನಿಟ್ ಅಂದರೆ 2.7 ಲಕ್ಷ ಪಂಪ್‌ಸೆಟ್‌ನ ವರ್ಷದ ಕರೆಂಟ್. ಒಂದೇ ಘಟಕದ್ದು.

"ಹಿಡಿದ ಟನ್" ಬೇರೆ, "ತಪ್ಪಿಸಿದ ಟನ್" ಬೇರೆ

ಇಲ್ಲೊಂದು ಸೂಕ್ಷ್ಮ ಇದೆ. ಕಂಪನಿಯ ಜಾಹೀರಾತಿನಲ್ಲಿ "ಇಷ್ಟು ರೂಪಾಯಿಗೆ ಒಂದು ಟನ್ ಹಿಡಿಯುತ್ತೇವೆ" ಅಂತ ಇರುತ್ತದೆ. ನಮ್ಮ ಲೆಕ್ಕದಲ್ಲಿ ಹೆಚ್ಚುವರಿ ಖರ್ಚು 800 ಕೋಟಿ, ಜೊತೆಗೆ ಕಳೆದುಹೋದ ಕರೆಂಟಿನ ಬೆಲೆ 420 ಕೋಟಿ, ಒಟ್ಟು 1,220 ಕೋಟಿ. 34 ಲಕ್ಷ ಟನ್‌ಗೆ ಹಂಚಿದರೆ ಟನ್‌ಗೆ ಸುಮಾರು 3,600 ರೂಪಾಯಿ.

ಆದರೆ ಹಿಡಿದ ಟನ್ನುಗಳಲ್ಲಿ ಒಂದಷ್ಟು, ಮಷೀನ್ ಓಡಿಸೋಕೆ ಸುಟ್ಟ ಕಲ್ಲಿದ್ದಲಿನದೇ. ಊರಿಗೆ ತಲುಪಿದ ಒಂದು ಯೂನಿಟ್‌ಗೆ ನಿಜವಾಗಿ ಎಷ್ಟು ಕಡಿಮೆಯಾಯಿತು ನೋಡಬೇಕು. ಮೊದಲು ಯೂನಿಟ್‌ಗೆ 0.9 ಕೆ.ಜಿ., ಈಗ 0.12 ಕೆ.ಜಿ. ಉಳಿತಾಯ 0.78 ಕೆ.ಜಿ. ಅದಕ್ಕೆ ಕೊಟ್ಟ ಹೆಚ್ಚುವರಿ ಬೆಲೆ 3 ರೂಪಾಯಿ 87 ಪೈಸೆ. ಅಂದರೆ ಗಾಳಿಗೆ ಹೋಗೋದು ತಪ್ಪಿದ ಟನ್‌ಗೆ ಹತ್ತಿರ ಹತ್ತಿರ 5,000 ರೂಪಾಯಿ. ಯಾರಾದರೂ ಕಾರ್ಬನ್ ಕ್ಯಾಪ್ಚರ್ ಅಗ್ಗ ಅಂತ ಅಂಕಿ ಕೊಟ್ಟರೆ ಮೊದಲು ಕೇಳಿ: ಇದು ಹಿಡಿದ ಟನ್ನಿನ ರೇಟಾ, ತಪ್ಪಿಸಿದ ಟನ್ನಿನ ರೇಟಾ? ಹಸಿ ತೊಗರಿಯ ತೂಕಕ್ಕೂ ಒಣಗಿಸಿದ ತೊಗರಿಯ ತೂಕಕ್ಕೂ ಇರುವಷ್ಟೇ ವ್ಯತ್ಯಾಸ.

ಸ್ಥಾವರದ ವಯಸ್ಸು ಮತ್ತು ಓಡುವ ತಾಸು

ಹೊಸ ಟ್ರ್ಯಾಕ್ಟರ್‌ಗೆ ದುಬಾರಿ ರೋಟಾವೇಟರ್ ಕೊಂಡರೆ ಅದಕ್ಕೆ ಅರ್ಥ ಇದೆ. ಇನ್ನೆರಡು ವರ್ಷಕ್ಕೆ ಗುಜರಿಗೆ ಹೋಗುವ ಟ್ರ್ಯಾಕ್ಟರ್‌ಗೆ ಕೊಂಡರೆ?

ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಅಲ್ಲಿ 210 ಮೆಗಾವ್ಯಾಟಿನ ಏಳು ಘಟಕ, 250ರದ್ದು ಒಂದು. ಇಂಥ ಹಳೆ ಘಟಕಕ್ಕೆ ಇನ್ನು 20 ವರ್ಷ ಆಯುಸ್ಸು ಇದೆ ಅಂತ ಬ್ಯಾಂಕ್ ಒಪ್ಪೋದು ಕಷ್ಟ. ಅದೇ 5,000 ಕೋಟಿ ಸಾಲವನ್ನು 8 ವರ್ಷದಲ್ಲಿ ತೀರಿಸಬೇಕು ಅಂದರೆ ಕಂತು 600 ಕೋಟಿಯಿಂದ ಸುಮಾರು 940 ಕೋಟಿಗೆ ಏರುತ್ತದೆ. ನಮ್ಮ ಸುತ್ತಮುತ್ತ ಈ ಮಷೀನ್ ಹಾಕೋ ವಯಸ್ಸು ಇರೋದು 2016ರ ನಂತರ ಶುರುವಾದ ಕೂಡಗಿ, ಯರಮರಸ್, ಸೊಲ್ಲಾಪುರಕ್ಕೆ ಮಾತ್ರ.

ಓಡುವ ತಾಸಿನದು ಇನ್ನೊಂದು ತಲೆನೋವು. ಪಾವಗಡದಂಥ ಸೋಲಾರ್ ಪಾರ್ಕ್‌ಗಳು ಬಂದ ಮೇಲೆ ಹಗಲು ಹೊತ್ತು ಸೂರ್ಯನ ಕರೆಂಟ್ ಹೆಚ್ಚು. ಕಲ್ಲಿದ್ದಲು ಸ್ಥಾವರಗಳು ಹಗಲು ಬೆಂಕಿ ಇಳಿಸಿ ಸಂಜೆ ಏರಿಸಬೇಕಾಗುತ್ತದೆ. ಸಾಲದ ಕಂತು ಮಾತ್ರ ಇಳಿಯಲ್ಲ. ಶೇ 60ರ ಲೋಡಿನಲ್ಲಿ ಕಂತಿನ ಭಾರ ಯೂನಿಟ್‌ಗೆ 1 ರೂಪಾಯಿ 90 ಪೈಸೆ ಇದ್ದದ್ದು, ಶೇ 40ಕ್ಕೆ ಇಳಿದರೆ 2 ರೂಪಾಯಿ 86 ಪೈಸೆ. ವರ್ಷಕ್ಕೆ ಹತ್ತು ದಿನ ಓಡುವ ಹಾರ್ವೆಸ್ಟರ್ ಕೊಂಡವರಿಗೆ ಈ ನೋವು ಹೇಳಿ ತಿಳಿಸಬೇಕಾಗಿಲ್ಲ.

ಹಾಕಿದವರ ಅನುಭವ ಏನು?

ಕೆನಡಾದ ಸಸ್ಕಾಚೆವಾನ್‌ನಲ್ಲಿ ಬೌಂಡರಿ ಡ್ಯಾಮ್ ಅನ್ನುವ ಸ್ಥಾವರದ 3ನೇ ಘಟಕಕ್ಕೆ 2014ರಲ್ಲಿ ಮಷೀನ್ ಹಾಕಿದರು. ಹಳೆ ಕಲ್ಲಿದ್ದಲು ಘಟಕಕ್ಕೆ ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ಜಗತ್ತಿನಲ್ಲೇ ಅದು ಮೊದಲು. ಘಟಕದ ನವೀಕರಣವೂ ಸೇರಿ ಸುಮಾರು 150 ಕೋಟಿ ಕೆನಡಾ ಡಾಲರ್ ಖರ್ಚಾಯಿತು, ಅದೂ ಸುಮಾರು 110 ಮೆಗಾವ್ಯಾಟಿನ ಸಣ್ಣ ಘಟಕಕ್ಕೆ. ವರ್ಷಕ್ಕೆ 10 ಲಕ್ಷ ಟನ್ ಹಿಡಿಯುವ ಗುರಿ ಇತ್ತು, ರಿಪೇರಿ ಕಾಟದಿಂದ ಬಹಳ ವರ್ಷ ಅದಕ್ಕಿಂತ ಕಡಿಮೆಯೇ ಹಿಡಿಯಿತು. ಅದೇ ಕಂಪನಿ 2018ರಲ್ಲಿ ಪಕ್ಕದ 4 ಮತ್ತು 5ನೇ ಘಟಕಕ್ಕೆ ಈ ಮಷೀನ್ ಹಾಕಲ್ಲ, ಲೆಕ್ಕ ಕೂಡಲ್ಲ ಅಂತ ತೀರ್ಮಾನಿಸಿತು. ಒಮ್ಮೆ ಬೆಳೆದವರೇ ಎರಡನೇ ಸಲ ಆ ಬೆಳೆ ಹಾಕಲ್ಲ ಅಂದರೆ ಅದರಲ್ಲಿ ಪಾಠ ಇದೆ.

ಅಮೆರಿಕದ ಟೆಕ್ಸಾಸ್‌ನಲ್ಲಿ ಪೆಟ್ರಾ ನೋವಾ ಯೋಜನೆ 2017ರಲ್ಲಿ ಶುರುವಾಯಿತು. ಸುಮಾರು 100 ಕೋಟಿ ಡಾಲರ್ ಖರ್ಚು. ತಾಂತ್ರಿಕವಾಗಿ ಚೆನ್ನಾಗೇ ಓಡಿತು. ಆದರೆ ಅದರ ಆದಾಯ ನಿಂತಿದ್ದು ಒಂದೇ ಗಿರಾಕಿಯ ಮೇಲೆ. ಹಿಡಿದ ಸಿಒ2ವನ್ನು ಹಳೆ ಎಣ್ಣೆ ಬಾವಿಗೆ ಒತ್ತಿ ಉಳಿದ ಎಣ್ಣೆ ತೆಗೆಯುತ್ತಿದ್ದರು. 2020ರಲ್ಲಿ ಕೋವಿಡ್ ಬಂದು ಎಣ್ಣೆ ರೇಟು ಬಿದ್ದಿತು, ಮೇ ತಿಂಗಳಲ್ಲಿ ಮಷೀನ್ ನಿಂತಿತು. ಮತ್ತೆ ಓಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಒಂದೇ ದಲಾಲಿಯ ಅಂಗಡಿ ನಂಬಿ ಬೆಳೆ ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಚೀನಾದ ತೈಝೌನಲ್ಲಿ ವರ್ಷಕ್ಕೆ 5 ಲಕ್ಷ ಟನ್ ಹಿಡಿಯುವ ಘಟಕ 2023ರಲ್ಲಿ ಶುರುವಾಗಿದೆ. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಎನ್‌ಟಿಪಿಸಿ ವಿಂಧ್ಯಾಚಲ ಸ್ಥಾವರದಲ್ಲಿ 2022ರಿಂದ ದಿನಕ್ಕೆ 20 ಟನ್ ಹಿಡಿಯುವ ಪ್ರಯೋಗ ನಡೆದಿದೆ, ಅದರಿಂದ ಮೆಥನಾಲ್ ಮಾಡುವ ಯೋಜನೆ. ನಮ್ಮ ಲೆಕ್ಕದ 800 ಮೆಗಾವ್ಯಾಟ್ ಘಟಕ ದಿನಕ್ಕೆ ಬಿಡೋದು 10 ಸಾವಿರ ಟನ್‌ಗೂ ಹೆಚ್ಚು. ಅಂದರೆ ಪ್ರಯೋಗದ ಅಳತೆ ಒಂದು ಘಟಕದ ಐನೂರರಲ್ಲಿ ಒಂದು ಪಾಲು. ಪ್ರಯೋಗ ಬೇಕು, ತಪ್ಪಿಲ್ಲ. ಆದರೆ ಒಂದು ಗುಂಟೆ ಟ್ರಯಲ್ ಪ್ಲಾಟ್ ನೋಡಿ ಹನ್ನೆರಡು ಎಕರೆಗೆ ಬೀಜ ಕೊಳ್ಳಬಾರದು.

ಹಿಡಿದದ್ದನ್ನು ಇಡೋದೆಲ್ಲಿ?

ಮಾರಬಹುದಲ್ಲ ಅಂತ ಕೇಳುತ್ತೀರಿ. ಯೂರಿಯಾ ಮಾಡೋಕೆ ಸಿಒ2 ಬೇಕು, ನಿಜ. ಒಂದು ಟನ್ ಯೂರಿಯಾಕ್ಕೆ ಸುಮಾರು 0.73 ಟನ್. ಆದರೆ ಆ ಕಾರ್ಖಾನೆಗಳಿಗೆ ಅಮೋನಿಯಾ ಮಾಡುವಾಗಲೇ ಬಹುಪಾಲು ಸಿಒ2 ಸಿಗುತ್ತದೆ. ಮೇಲಾಗಿ ನಾವು ಯೂರಿಯಾ ಹೊಲಕ್ಕೆ ಹಾಕಿದ ಮೇಲೆ ಅದರೊಳಗಿನ ಇಂಗಾಲ ಕೆಲವೇ ದಿನದಲ್ಲಿ ಮತ್ತೆ ಗಾಳಿಗೇ ಹೋಗುತ್ತದೆ. ಸೋಡಾ ಬಾಟಲಿ, ಮೆಥನಾಲ್‌ದೂ ಅದೇ ಕಥೆ. ಇದು ಉಪಯೋಗ, ಹೂಳೋದಲ್ಲ.

ಹೂಳಬೇಕು ಅಂದರೆ ನೆಲ ಬೇಕು. ಇಲ್ಲಿ ನಮ್ಮ ಸೀಮೆಯ ಹೆಸರು ಬರುತ್ತದೆ. ನಮ್ಮ ಎರೆಭೂಮಿಯ ಕೆಳಗಿರೋದು ದಕ್ಖನ್ನಿನ ಬಸಾಲ್ಟ್ ಕಲ್ಲು. ಬಸಾಲ್ಟ್ ಒಳಗೆ ಸಿಒ2 ಒತ್ತಿದರೆ ಅದು ಕಲ್ಲಿನ ಖನಿಜದ ಜೊತೆ ಸೇರಿ ತಾನೇ ಕಲ್ಲಾಗುತ್ತದೆ. ಐಸ್‌ಲ್ಯಾಂಡ್‌ನ ಕಾರ್ಬ್‌ಫಿಕ್ಸ್ ಪ್ರಯೋಗದಲ್ಲಿ ಒತ್ತಿದ ಸಿಒ2ದ ಶೇ 95 ಭಾಗ ಎರಡು ವರ್ಷದೊಳಗೆ ಕಲ್ಲಾಗಿದ್ದು ಕಂಡುಬಂತು. ಹಿಂಗಾಗಿ ದಕ್ಖನ್ ಬಸಾಲ್ಟ್ ಮೇಲೆ ವಿಜ್ಞಾನಿಗಳ ಕಣ್ಣಿದೆ, ನೀತಿ ಆಯೋಗದ 2022ರ ವರದಿಯೂ ಇದನ್ನು ಹೇಳುತ್ತದೆ.

ಆದರೆ ಎರಡು ತೊಡಕು. ಒಂದು, ಬಸಾಲ್ಟ್ ಪದರ ಪಶ್ಚಿಮ ಘಟ್ಟದ ಕಡೆ ದಪ್ಪ, ನಮ್ಮ ಕಡೆ ಬರುವಷ್ಟರಲ್ಲಿ ತೆಳುವಾಗುತ್ತದೆ. ಜೇವರ್ಗಿ ದಾಟಿ ಶಹಾಬಾದ್, ಸೇಡಂ ಕಡೆ ಹೋದರೆ ಸುಣ್ಣಕಲ್ಲು. ಎರಡು, ಐಸ್‌ಲ್ಯಾಂಡ್ ಪದ್ಧತಿಯಲ್ಲಿ ಸಿಒ2ವನ್ನು ನೀರಿನಲ್ಲಿ ಕರಗಿಸಿ ಒತ್ತಬೇಕು, ಒಂದು ಟನ್‌ಗೆ ಸುಮಾರು 25 ಟನ್ ನೀರು. ನಮ್ಮ 34 ಲಕ್ಷ ಟನ್‌ಗೆ ವರ್ಷಕ್ಕೆ 3 ಟಿಎಂಸಿ. ಆಳಂದದ ಅಮರ್ಜಾ ಡ್ಯಾಂ ತುಂಬಿದರೂ ಅಷ್ಟು ಹಿಡಿಯಲ್ಲ. ನೀರಿಲ್ಲದೆ ನೇರವಾಗಿ ಒತ್ತುವ ಪ್ರಯೋಗ ಅಮೆರಿಕದ ವಲ್ಲುಲಾದಲ್ಲಿ 2013ರಲ್ಲಿ ಆಗಿದೆ, ಅದು ಸುಮಾರು ಸಾವಿರ ಟನ್ ಮಾತ್ರ. ನಾಳೆ ನಮ್ಮೂರ ಸುತ್ತ ಇಂಥ ಪರೀಕ್ಷೆಗೆ ಬೋರ್ ಕೊರೆಯುತ್ತೇವೆ ಅಂತ ಯಾರಾದರೂ ಬಂದರೆ, ಕುಡಿಯುವ ನೀರಿನ ಬೋರ್‌ಗೂ ಇದಕ್ಕೂ ಎಷ್ಟು ಆಳದ ಅಂತರ, ಸೋರಿದರೆ ಹೊಣೆ ಯಾರದು ಅಂತ ಗ್ರಾಮಸಭೆಯಲ್ಲಿ ಬರೆದು ಕೇಳಬೇಕು.

ನೀರಿನ ಪಾಲು

ಹೂಳುವ ನೀರು ಬಿಡಿ, ಹಿಡಿಯೋಕೂ ನೀರು ಬೇಕು. ಈಗಿನ ನಿಯಮದಂತೆ ಕಲ್ಲಿದ್ದಲು ಸ್ಥಾವರ ಒಂದು ಯೂನಿಟ್‌ಗೆ 3ರಿಂದ 3.5 ಲೀಟರ್ ನೀರು ಬಳಸಬಹುದು. ಹೊಗೆ ತಣ್ಣಗೆ ಮಾಡೋಕೆ, ದ್ರಾವಣ ತಣಿಸೋಕೆ, ಕಂಪ್ರೆಸರ್ ತಣಿಸೋಕೆ ಮತ್ತೆ ನೀರು. ಕರೆಂಟ್ ಕಡಿಮೆಯಾಗಿ ನೀರು ಹೆಚ್ಚಾದಾಗ, ಮಾರುವ ಪ್ರತಿ ಯೂನಿಟ್‌ಗೆ ನೀರಿನ ಬಳಕೆ ಒಂದೂವರೆಯಿಂದ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಗಾಳಿಯಿಂದ ತಣಿಸುವ ವ್ಯವಸ್ಥೆ ಇದೆ, ಅದು ಇನ್ನೂ ದುಬಾರಿ, ಬೇಸಿಗೆಯ 43 ಡಿಗ್ರಿಯಲ್ಲಿ ಕೆಲಸವೂ ಕಡಿಮೆ. ಉಜನಿಯಲ್ಲಿ, ಆಲಮಟ್ಟಿಯಲ್ಲಿ ಈಗಲೇ ಹಂಚಿಕೆಗೆ ಜಗಳ ಇರುವಾಗ ಈ ಹೆಚ್ಚಿನ ನೀರು ಯಾರ ಪಾಲಿನಿಂದ ಹೋಗುತ್ತದೆ ಅನ್ನೋದು ಖರ್ಚಿನ ಕಾಲಂನಲ್ಲಿ ಯಾರೂ ಬರೆಯಲ್ಲ. ಕಾಲುವೆ ಕೊನೆಯ ರೈತ ಅದನ್ನು ಬರೆಸಬೇಕು.

ದುಡ್ಡು ಕೊಡೋರು ಯಾರು?

ನಮ್ಮ ಲೆಕ್ಕದಲ್ಲಿ ಒಂದು ಘಟಕಕ್ಕೆ ವರ್ಷಕ್ಕೆ ಹೆಚ್ಚುವರಿ ಭಾರ 1,220 ಕೋಟಿ. ಇದು ಬರೋಕೆ ಮೂರೇ ದಾರಿ.

ಮೊದಲನೇದು, ಕರೆಂಟ್ ದರ. 10 ಎಚ್‌ಪಿ ವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ನಮಗೇನು ಅನ್ನಬೇಡಿ. ಆ ದುಡ್ಡನ್ನು ರಾಜ್ಯ ಸರ್ಕಾರ ಎಸ್ಕಾಂಗಳಿಗೆ ಕಟ್ಟುತ್ತದೆ, ಗೃಹಜ್ಯೋತಿಯ 200 ಯೂನಿಟ್‌ದೂ ಹಂಗೇ. ಯೂನಿಟ್ ಬೆಲೆ ಏರಿದರೆ ಅದೇ ಸಬ್ಸಿಡಿ ದುಡ್ಡಿಗೆ ಕಡಿಮೆ ತಾಸು ಕರೆಂಟ್ ಬರುತ್ತದೆ, ಇಲ್ಲವೇ ಬೇರೆ ಯೋಜನೆಗೆ ಕತ್ತರಿ ಬೀಳುತ್ತದೆ.

ಎರಡನೇದು, ಸರ್ಕಾರದ ನೇರ ನೆರವು. ಅಮೆರಿಕದಲ್ಲಿ ಹೂಳಿದ ಪ್ರತಿ ಟನ್‌ಗೆ 85 ಡಾಲರ್ ತೆರಿಗೆ ರಿಯಾಯಿತಿ ಇದೆ. ಅದಿಲ್ಲದಿದ್ದರೆ ಅಲ್ಲಿಯೂ ಲೆಕ್ಕ ಕೂಡಲ್ಲ.

ಮೂರನೇದು, ಹೊಗೆ ಬಿಡುವವರ ಮೇಲೆ ಶುಲ್ಕ. ನಮ್ಮಲ್ಲಿ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್‌ಗೆ 50 ರೂಪಾಯಿ ಸೆಸ್ ಬಂತು, 2016ರಲ್ಲಿ 400 ಆಯಿತು, 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ ಆಗಿ ಬದಲಾಯಿತು, 2025ರ ಸೆಪ್ಟೆಂಬರ್‌ನಲ್ಲಿ ರದ್ದಾಗಿ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿತು. 400 ರೂಪಾಯಿ ಇದ್ದಾಗಲೂ ಸಿಒ2 ಲೆಕ್ಕದಲ್ಲಿ ಟನ್‌ಗೆ 300 ರೂಪಾಯಿ ಒಳಗೇ. ತಪ್ಪಿಸುವ ಖರ್ಚು 5,000. ಹೊಗೆ ಬಿಟ್ಟು ದಂಡ ಕಟ್ಟೋದು ಮಷೀನ್ ಹಾಕೋದಕ್ಕಿಂತ ಹದಿನೈದು ಪಟ್ಟು ಅಗ್ಗ ಇದ್ದಾಗ ಯಾವ ಕಂಪನಿ ಮಷೀನ್ ಹಾಕೀತು?

ಅದೇ ದುಡ್ಡಿಗೆ ಬೇರೆ ಎಲ್ಲಿ ಹೆಚ್ಚು ಟನ್ ಸಿಗುತ್ತದೆ?

*ಸೋಲಾರ್ ಮತ್ತು ಬ್ಯಾಟರಿ.* 2024ರ ಡಿಸೆಂಬರ್‌ನಲ್ಲಿ ಕೇಂದ್ರದ ಸೆಕಿ ಕರೆದ ಟೆಂಡರ್‌ನಲ್ಲಿ ಬ್ಯಾಟರಿ ಸಮೇತ ಸೋಲಾರ್ ಯೂನಿಟ್‌ಗೆ 3 ರೂಪಾಯಿ 52 ಪೈಸೆಗೆ ಬಂತು. ಎಂಟು ರೂಪಾಯಿಯ ಕಲ್ಲಿದ್ದಲಿಗಿಂತ ಅರ್ಧಕ್ಕೂ ಕಡಿಮೆ. ನಮ್ಮ ಪಂಪ್‌ಸೆಟ್ ಫೀಡರ್‌ಗಳನ್ನು ಕುಸುಮ್-ಸಿ ಯೋಜನೆಯಲ್ಲಿ ಸೋಲಾರ್‌ಗೆ ತಂದರೆ ಹಗಲು ಹೊತ್ತೇ ನೀರು ಬಿಡಬಹುದು, ರಾತ್ರಿ ಹಾವು ಚೇಳಿನ ಭಯ ಇಲ್ಲ. ಆದರೆ ಬ್ಯಾಟರಿ ಕೆಲವು ತಾಸಿಗೆ ಸಾಕು, ಮೋಡ ಮುಚ್ಚಿದ ವಾರಕ್ಕಲ್ಲ. ಕಾರ್ಬನ್ ಕ್ಯಾಪ್ಚರ್ ಪರ ಮಾತಾಡೋರ ಗಟ್ಟಿ ವಾದ ಇದೇ: ಬೇಕೆಂದಾಗ ಸಿಗುವ ಕರೆಂಟ್ ಸ್ವಲ್ಪ ದುಬಾರಿ ಆದರೂ ಬೇಕು. ವಾದದಲ್ಲಿ ಹುರುಳಿದೆ. ಆದರೆ ಅಪರೂಪಕ್ಕೆ ಓಡುವ ಸ್ಥಾವರಕ್ಕೆ ಮಷೀನಿನ ಕಂತು ಇನ್ನೂ ಭಾರ ಅನ್ನೋದನ್ನು ಮೇಲೆ ನೋಡಿದೆವು.

*ತೊಗರಿ ಕಟ್ಟಿಗೆ.* ಕಲ್ಲಿದ್ದಲಿನ ಜೊತೆ ಬೆಳೆ ಉಳಿಕೆಯ ಪೆಲೆಟ್ ಸುಡಬೇಕು ಅಂತ ಕೇಂದ್ರ ಇಂಧನ ಸಚಿವಾಲಯ 2021ರಲ್ಲಿ ನೀತಿ ಮಾಡಿತು, 2023ರ ತಿದ್ದುಪಡಿಯಲ್ಲಿ 2024-25ರಿಂದ ಶೇ 5 ಅಂತ ಗುರಿ ಇಟ್ಟಿತು. ಪೆಲೆಟ್ ಟನ್‌ಗೆ 7,000, ಅದು ಉಳಿಸುವ 0.9 ಟನ್ ಕಲ್ಲಿದ್ದಲು 4,500 ಅಂತ ಹಿಡಿದರೆ ಹೆಚ್ಚುವರಿ ಖರ್ಚು 2,500, ತಪ್ಪುವ ಸಿಒ2 ಸುಮಾರು 1.25 ಟನ್. ಟನ್‌ಗೆ 2,000 ರೂಪಾಯಿ ಆಯಿತು. ಸಾಗಾಟದ ಡೀಸೆಲ್ ಕಳೆದರೂ ಮಷೀನಿಗಿಂತ ಅಗ್ಗ, ದುಡ್ಡಿನ ಒಂದು ಪಾಲು ನಮ್ಮ ಹೊಲಕ್ಕೆ ಬರುತ್ತದೆ. ತೊಗರಿ ಕಣಜದಲ್ಲಿ ಕಟ್ಟಿಗೆಗೆ ಕೊರತೆ ಇಲ್ಲ. ಆದರೂ ಸಾವಯವ ರೈತನಾಗಿ ಒಂದು ಮಾತು: ಎಲ್ಲವನ್ನೂ ಮಾರಬೇಡಿ. ಉದುರಿದ ಎಲೆ, ಬೇರು ಹೊಲದಲ್ಲೇ ಇರಲಿ. ನಿಮ್ಮ ಮಣ್ಣಿನ ಇಂಗಾಲ ಮಾರಿ ಸ್ಥಾವರದ ಇಂಗಾಲ ಉಳಿಸೋದು ಲಾಭ ಅಲ್ಲ.

*ಡಿಸ್ಟಿಲರಿ.* ಕಬ್ಬಿನ ಮೊಲಾಸಿಸ್ ಹುದುಗಿ ಎಥನಾಲ್ ಆಗುವಾಗ ಬರುವ ಸಿಒ2 ಹೆಚ್ಚೂಕಡಿಮೆ ಶುದ್ಧ. ತೂರುವ ಕೆಲಸವೇ ಇಲ್ಲ, ಒಣಗಿಸಿ ಒತ್ತಿದರೆ ಸಾಕು. ಒಂದು ಲೀಟರ್ ಎಥನಾಲ್‌ಗೆ ಸುಮಾರು 0.75 ಕೆ.ಜಿ. ದಿನಕ್ಕೆ ಒಂದು ಲಕ್ಷ ಲೀಟರ್ ಮಾಡುವ ಡಿಸ್ಟಿಲರಿಯಲ್ಲಿ 75 ಟನ್. ವಿಂಧ್ಯಾಚಲ ಪ್ರಯೋಗದ ಮೂರೂವರೆ ಪಟ್ಟಿಗೂ ಹೆಚ್ಚು.

*ಸಿಮೆಂಟ್.* ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಸಿಒ2ದ ಅರ್ಧಕ್ಕೂ ಹೆಚ್ಚು ಪಾಲು ಬರೋದು ಸುಣ್ಣಕಲ್ಲಿನಿಂದಲೇ, ಬೆಂಕಿಯಿಂದಲ್ಲ. ಸೋಲಾರ್ ಹಾಕಿದರೂ ಅದು ನಿಲ್ಲಲ್ಲ. ಹೊಗೆಯಲ್ಲಿ ಸಿಒ2 ಪ್ರಮಾಣವೂ ಹೆಚ್ಚು, ಹಿಡಿಯೋದು ಸುಲಭ. ನಮ್ಮ ಜಿಲ್ಲೆಯಲ್ಲಿ ಈ ಮಷೀನ್ ಎಲ್ಲಿ ಮೊದಲು ಬರಬೇಕು ಅಂದರೆ ನನ್ನ ಉತ್ತರ ಇದೇ. ಕರೆಂಟಿಗೆ ಬೇರೆ ದಾರಿ ಇದೆ, ಸಿಮೆಂಟಿಗೆ ಸದ್ಯಕ್ಕೆ ಕಡಿಮೆ.

ನೆನಪಿಡಬೇಕಾದ ನಾಲ್ಕು ಪ್ರಶ್ನೆ

ಕಲ್ಲಿದ್ದಲು ಸ್ಥಾವರಕ್ಕೆ ಕಾರ್ಬನ್ ಕ್ಯಾಪ್ಚರ್ ಬರುತ್ತದೆ ಅನ್ನುವ ಸುದ್ದಿ ಓದಿದಾಗ, ಅಥವಾ "ನಿಮ್ಮ ಹೊಲದಲ್ಲಿ ಇಂಗಾಲ ಹಿಡಿದು ಕ್ರೆಡಿಟ್ ಕೊಡಿಸುತ್ತೇವೆ" ಅಂತ ಏಜೆಂಟ್ ಮನೆಗೆ ಬಂದಾಗ, ಈ ನಾಲ್ಕು ಕೇಳಿ:

1. ಇದು ಹಿಡಿದ ಟನ್ನಾ, ತಪ್ಪಿಸಿದ ಟನ್ನಾ? ಅಳೆದವರು ಯಾರು?
2. ಎಷ್ಟು ವರ್ಷ ಒಳಗೆ ಉಳಿಯುತ್ತದೆ? ಹೊರಗೆ ಹೋದರೆ ಹೊಣೆ ಯಾರದು?
3. ನೀರು ಎಷ್ಟು, ಯಾವ ಹೊಳೆಯಿಂದ?
4. ಕೊಳ್ಳುವವರು ಒಬ್ಬರೇ ಆದರೆ, ಆ ರೇಟು ಬಿದ್ದ ದಿನ ಏನಾಗುತ್ತದೆ?

ಮೊದಲ ಎರಡು ಪ್ರಶ್ನೆ ಸ್ಥಾವರಕ್ಕೆ ಎಷ್ಟು ಅನ್ವಯವೋ ನಮ್ಮ ಮಣ್ಣಿಗೂ ಅಷ್ಟೇ. ಹೊಲದ ಕ್ರೆಡಿಟ್ ಒಪ್ಪಂದಕ್ಕೆ ಸಹಿ ಮಾಡುವ ಮುಂಚೆ ಎಷ್ಟು ವರ್ಷ ಉಳುಮೆ ಪದ್ಧತಿ ಬದಲಿಸುವಂತಿಲ್ಲ ಅನ್ನುವ ಷರತ್ತು ಓದಿ. ಪಾಲಿಗೆ ಕೊಟ್ಟ ಹೊಲ ಆಗಿದ್ದರೆ ಮಾಲೀಕರ ಜೊತೆ ಕೂತು ಮಾತಾಡಿ.

ಮಷೀನ್ ಮುಂದೆ ಅಗ್ಗ ಆಗಬಹುದು. ಸೋಲಾರ್ ಪ್ಯಾನಲ್ ಕೂಡ ಹದಿನೈದು ವರ್ಷದ ಹಿಂದೆ ದುಬಾರಿಯೇ ಇತ್ತು. ವ್ಯತ್ಯಾಸ ಏನಂದರೆ, ಪ್ಯಾನಲ್ ಒಂದೇ ಅಚ್ಚಿನಲ್ಲಿ ಕೋಟಿಗಟ್ಟಲೆ ತಯಾರಾಗುತ್ತದೆ. ಕ್ಯಾಪ್ಚರ್ ಘಟಕ ಪ್ರತಿ ಸ್ಥಾವರಕ್ಕೂ ಬೇರೆ ಬೇರೆ ಕಟ್ಟಬೇಕು, ಕಾಯಿಸುವ ಹಬೆಯ ಖರ್ಚು ಒಂದು ಮಿತಿಗಿಂತ ಕೆಳಗೆ ಇಳಿಯಲ್ಲ. ಸದ್ಯದ ಲೆಕ್ಕದಲ್ಲಿ ತಪ್ಪಿಸಿದ ಟನ್‌ಗೆ ಐದು ಸಾವಿರ ಕೊಡುವವರು ಸಿಗುವ ತನಕ ಶಕ್ತಿನಗರದ ಚಿಮಣಿಗೆ ಈ ಮಷೀನ್ ಬರೋದು ಕಷ್ಟ.

ನಿಮ್ಮ ಫೀಡರ್ ಕುಸುಮ್-ಸಿ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಈ ವಾರವೇ ಜೆಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ ಕೇಳಿ. ಇಲ್ಲದಿದ್ದರೆ ಹತ್ತು ಜನ ಸೇರಿ ಅರ್ಜಿ ಕೊಡಿ. ಮುಂದಿನ ವಾರ ತೊಗರಿ ಕಟ್ಟಿಗೆಯಿಂದ ಹೊಲದಲ್ಲೇ ಬಯೋಚಾರ್ ಮಾಡುವ ವಿಧಾನ, ಖರ್ಚಿನ ಲೆಕ್ಕದ ಸಮೇತ ನೋಡೋಣ.